‘ಬಸ್ ಬಂತಾ?’ ಎಂದು ಹೆಸರಿಟ್ಟವನು

ಆಫೀಸಿನಲ್ಲಿ ಅವನನ್ನು ‘ಹ್ಞೂಂ’ ಎಂದೇ ಕರೆಯುತ್ತಿದ್ದರು. ಬೈದರೂ ಹ್ಞೂಂ, ಹೊಗಳಿದರೂ ಹ್ಞೂಂ. ಹೊಗಳುವವರು ಕಡಿಮೆಯಾದ್ದರಿಂದ ಎರಡನೆಯದು ಹೆಚ್ಚು ಖರ್ಚಾಗುತ್ತಿರಲಿಲ್ಲ. ಆ ವಾರ ಒಬ್ಬರ ಕೆಲಸ ಖಾಯಂ ಆಗುವುದಿತ್ತು: ಒಂದೋ ಅವನದು, ಇಲ್ಲ ಪಕ್ಕದ ಕುರ್ಚಿಯ ಗಡ್ಡದವನದು. ಜೋಮು ಹಿಡಿದ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡುತ್ತೇವಲ್ಲ, ಹಾಗೆ ಅವನು ಈ ಸುದ್ದಿಯನ್ನು ನೋಡಿದ.

ಶಾಲೆಯ ಬಸ್ಸು ಮನೆಯ ತಿರುವಿಗೆ ಬಂದಾಗ ಹೆತ್ತವರಿಗೆ ಮೆಸೇಜು ಹೋಗುವಂತೆ ಪ್ರೋಗ್ರಾಂ ಬರೆಯುವುದು ಅವರ ಕಸುಬು. ಅದರಲ್ಲೊಂದು ಮೆಥಡ್, ಅಂದರೆ ಒಂದೇ ಹೆಸರಿನಡಿ ಕಟ್ಟಿಟ್ಟ ಆಜ್ಞೆಗಳ ಗಂಟು, ಉರುಳಿಸಿ ಓದಲು ಬೆರಳು ನೋಯುವಷ್ಟು ಉದ್ದವಿತ್ತು. ಬಸ್ಸು ಹುಡುಕುವುದು, ಮಗುವನ್ನು ಹುಡುಕುವುದು, ಮೆಸೇಜು ಕಳಿಸುವುದು, ಎಲ್ಲವೂ ಅದರೊಳಗೇ. ಹಾಸಿಗೆ, ಸೌಟು, ಚಪ್ಪಲಿ ಒಂದೇ ಮೂಟೆಯಲ್ಲಿ ತುರುಕಿ ಮನೆ ಬದಲಿಸಿದವರ ಹಾಗೆ.

“ಬಿಡಿಸಿ ಸಣ್ಣ ಸಣ್ಣದು ಮಾಡಪ್ಪ,” ಎಂದರು ಮೇಲಧಿಕಾರಿ ಮೇಡಂ. “ಹೆಸರು ಓದಿದ್ರೆ ಸಾಕು, ಒಳಗೆ ಇಣುಕೋ ಅಗತ್ಯ ಬೀಳಬಾರದು.”

ಅವನು ಬಿಡಿಸಿದ. ಒಂದು ತುಂಡು ಮಾತ್ರ ಬಸ್ಸು ಬಂತೇ ಎಂದು ನೋಡಿ, ಬಂದಿದ್ದರೆ ಮೆಸೇಜನ್ನೂ ಕಳಿಸಿಬಿಡುತ್ತಿತ್ತು. ಅಷ್ಟರಲ್ಲಿ ಹೊಟ್ಟೆ ಚುರುಗುಟ್ಟಿತು. ಆ ತುಂಡಿಗೆ ‘ಬಸ್ ಬಂತಾ?’ ಎಂದಷ್ಟೇ ಹೆಸರಿಟ್ಟು ಊಟಕ್ಕೆದ್ದ.

ಮರುದಿನ ಗಡ್ಡದವನು ಬಸ್ಸುಗಳ ನಕ್ಷೆ ತೋರಿಸುವ ಹೊಸ ಪರದೆ ಮಾಡಿದ. ಆ ಪರದೆ ಗಳಿಗೆಗೊಮ್ಮೆ ಹ್ಞೂಂನ ತುಂಡನ್ನು ‘ಬಸ್ ಬಂತಾ?’ ಎಂದು ಕೇಳತೊಡಗಿತು. ಬಂದು ನಿಂತ ಬಸ್ಸು ಹೊರಡುವವರೆಗೂ ಒಂದೊಂದು ಪ್ರಶ್ನೆಗೂ ಒಂದೊಂದು ಮೆಸೇಜು ಹೊರಟಿತು. ಹ್ಞೂಂಗೆ ಅವನ ಅತ್ತಿಗೆಯ ಫೋನೂ ಬಂತು.

“ಏನೋ ಇದು! ಮಗು ಮನೆಗೆ ಬಂದು ಬಟ್ಟೆ ಬದಲಾಯಿಸ್ತಿದೆ, ನಿಮ್ಮ ಬಸ್ಸು ಇನ್ನೂ ಬಂತು ಬಂತು ಅಂತ ಬಡ್ಕೋತಿದೆ. ಇನ್ನೆಷ್ಟು ಮಕ್ಕಳನ್ನ ಇಳಿಸ್ತೀರೋ ನಮ್ಮನೇಲಿ?”

“ನಿಲ್ಸ್ತೀವಿ ಅತ್ತಿಗೆ.”

ಸಾಯಂಕಾಲ ಮೇಡಂ ಇಬ್ಬರನ್ನೂ ಕರೆದರು. ಪ್ರೋಗ್ರಾಮಿಗೆ ಕೊನೆಗೆ ಕೈಯಿಟ್ಟವನು ಗಡ್ಡದವನು, ಆದ್ದರಿಂದ ಕಣ್ಣೆಲ್ಲ ಅವನ ಮೇಲೆ.

“ಬಂತಾ ಅಂತ ಕೇಳಿದೆ ಅಷ್ಟೇ ಮೇಡಂ,” ಎಂದ ಆತ. “ಕೇಳೋದೂ ತಪ್ಪಾ?”

ಹ್ಞೂಂ ಸುಮ್ಮನಿದ್ದರೆ ಖಾಯಂ ಅವನದೇ. ಆದರೆ ಸುಮ್ಮನಿರಬೇಕಾದರೂ ಏನೂ ಗೊತ್ತಿಲ್ಲದವನ ಮುಖ ಮಾಡಬೇಕು. ಅಷ್ಟು ತ್ರಾಣ ಇರಲಿಲ್ಲ.

“ಕೇಳೋ ಹೆಸರಿಟ್ಟು ಒಳಗೆ ಕಳಿಸೋ ಕೆಲಸ ತುರುಕಿದ್ದು ನಾನು,” ಎಂದ.

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಹಾಗಾದ್ರೆ ನಿನ್ನ ಖಾಯಂ ಮುಂದಿನ ವರ್ಷ ನೋಡೋಣ. ಮೊದಲು ಅದನ್ನ ಸರಿ ಮಾಡು.”

ಅವನು ಕುಳಿತು ತುಂಡನ್ನು ಎರಡು ಮಾಡಿದ. ‘ಬಸ್ ಬಂತಾ?’ ಈಗ ಬರೀ ಕೇಳುತ್ತಿತ್ತು. ‘ಮನೆಯವರಿಗೆ ತಿಳಿಸು’ ಒಂದೇ ಸಲ ತಿಳಿಸುತ್ತಿತ್ತು. ಖಾಯಂ ಆದ ಗಡ್ಡದವನು ಕುರ್ಚಿ ತಿರುಗಿಸಿ, “ಟೀ ಕುಡೀತೀಯೇನೋ?” ಎಂದ.

ತನಗೆ ಟೀ ಬೇಕೇ ಎಂದು ಅವನು ಒಳಗೆ ಹುಡುಕಿದ. ಬೇಕೆಂದೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ.

“ನಡಿ, ನೀನು ಕುಡಿಯೋದು ನೋಡ್ತೀನಿ,” ಎಂದು ಎದ್ದ.