ಪಕ್ಕದ ಮನೆಗೆ ಬಂದ ಬಾಣ

ಪಕ್ಕದ ಮನೆಯ ರೋಸಿ ಚೇಚಿ ತಿರುವನಂತಪುರದಲ್ಲಿ, ಗಂಡನ ಹೃದಯದ ಆಪರೇಷನ್‌ಗೆ ಕಾದು ಕೂತಿದ್ದರು. "ಇವತ್ತು ಅಂಬು ಬರುತ್ತೆ. ಬಾಗಿಲು ಮುಚ್ಚಿರಬಾರದು ಮೋಳೇ," ಎಂದು ಮಗಳನ್ನು ಕರೆದಂತೆ ಕರೆದು ಫೋನಿನಲ್ಲಿ ಗೋಗರೆದರು. ಕೀಲಿ ನನ್ನ ಬಳಿಯಿತ್ತು. ಅಂಬು ಅಂದರೆ ಬಾಣ, ಸಂತ ಸೆಬಾಸ್ಟಿಯನ್‌ನ ಮೈಗೆ ನೆಟ್ಟ ಬಾಣಗಳ ಗುರುತು. ಕೊಚ್ಚಿಯ ನಮ್ಮ ಓಣಿಯಲ್ಲಿ ಹಬ್ಬಕ್ಕೆ ಅದನ್ನು ಮನೆಮನೆಗೆ ಒಯ್ಯುತ್ತಾರೆ. ಎರಡು ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಬಂದಿದ್ದ ನಾನು ಆಕಳಿಸುತ್ತಲೇ ಬಾಗಿಲು ತೆರೆದೆ.

ಬ್ಯಾಂಡಿನ ಜೊತೆ ಬಂದ ಹಿರಿಯರೊಬ್ಬರು ಬಾಣವನ್ನು ನನ್ನ ಕೈಗೇ ಚಾಚಿದರು.

"ನಾನು ನಿಮ್ಮ ಚರ್ಚಿನವಳಲ್ಲ, ಅಪ್ಪಚ್ಚಾ."

"ಅದನ್ನ ಬಾಣ ಕೇಳಿತಾ?"

ಒಳಗೊಯ್ದು ಚೇಚಿಯ ಗಂಡನ ದಿಂಬಿಗೆ ಮುಟ್ಟಿಸಿದೆ. ಹಿರಿಯರಿಗೆ ಮರಳಿಸುವಾಗ ಸುಸ್ತಿಗೆ ಬಾಯಿ ನಿಲ್ಲಲಿಲ್ಲ. "ಬಾಣ ತಾಗಿ ಸತ್ತವನ ಹತ್ತಿರ ಆಯುಸ್ಸು ಕೇಳೋದಾ?"

"ಬಾಣಕ್ಕೆಲ್ಲಿ ಸತ್ತ? ಒಬ್ಬ ವಿಧವೆ ಮನೆಗೊಯ್ದು ಬದುಕಿಸಿದಳು. ಹುಷಾರಾದವನು ಸುಮ್ಮನಿರದೆ ಚಕ್ರವರ್ತಿಗೇ ಬುದ್ಧಿ ಹೇಳಲು ಹೋದ. ಆಗ ಬಡಿದು ಕೊಂದರು."

ಆಪರೇಷನ್ ಚೆನ್ನಾಗಿ ಆಯಿತು. ನಾಲ್ಕನೇ ದಿನ ಚೇಚಿ ಅಳುತ್ತಾ ನಗುತ್ತಾ ಫೋನ್ ಮಾಡಿದರು. ರಿಫೈನರಿ ಕೆಲಸಕ್ಕೆ ಯಾವಾಗ ಹೋಗಲಿ ಅಂತ ಗಂಡ ಆಗಲೇ ಡಾಕ್ಟರ ಜೊತೆ ಜಗಳಕ್ಕಿಳಿದಿದ್ದರಂತೆ.

"ಬದುಕಿಸಿದ್ದು ಸಂತನೇ ಇರಬೇಕು ಚೇಚಿ," ಅಂದೆ. "ಇನ್ನು ಕಟ್ಟಿಹಾಕುವುದು ನಿಮ್ಮ ಕೆಲಸ."