ಪಾರ್ಕಿನಲ್ಲಿ ಕುರಿ ತರುಬಿದ್ದು

ಕೂತಲ್ಲಿ ಕೂರುವ ಗುಣ ನನಗೆ ಮೊದಲಿನಿಂದಲೂ ಇಲ್ಲ. ಕೂಡ್ಲಿಗಿಯ ಅಂಚಿನ ಹೊಸ ಲೇಔಟಿಗೆ ಮನೆ ಮಾಡಿಕೊಂಡು ಬಂದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡಂತಾಯಿತು. ನಳದಲ್ಲಿ ನೀರು ಬಂತೇ, ಬೀದಿದೀಪ ಹತ್ತಿತೇ, ಕಸದ ಗಾಡಿ ತಿರುವಿನಿಂದಲೇ ವಾಪಸು ಹೋಯಿತೇ ಎಂದು ದಿನಕ್ಕೆ ಹತ್ತು ಸಲ ಗೇಟಿಗೆ ಓಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಎದುರಿನ ಪಾರ್ಕು. ಸೈಟು ತೋರಿಸುವಾಗ ನಕ್ಷೆಯಲ್ಲಿ ಹಸಿರು ಬಳಿದಿದ್ದರು. ಬಂದು ನೋಡಿದರೆ ನಾಲ್ಕು ಸಿಮೆಂಟು ಬೆಂಚು, ತಂತಿ ಬೇಲಿ, ಮಿಕ್ಕಿದ್ದೆಲ್ಲ ಗರಸು ಮಣ್ಣು. ನಾವು ನಾಲ್ಕಾರು ಹೆಂಗಸರು ನೆಟ್ಟ ಬೇವು, ಹೊಂಗೆ ಸಸಿಗಳು ಬದುಕಲೊಲ್ಲವು, ಸಾಯಲೊಲ್ಲವು.

ಅಪ್ಪ ಗುಡೇಕೋಟೆ ಕಡೆ ಕುರಿ ಹಿಂದೆ ನಡೆದು ನಡೆದು ಮೊಣಕಾಲು ಸವೆಸಿಕೊಂಡವನು. ಕುರಿಯನ್ನು ದೊಡ್ಡಪ್ಪನ ಮಗ, ನಮ್ಮ ಅಣ್ಣನಿಗೆ ಒಪ್ಪಿಸಿ ನನ್ನ ಮನೆಗೆ ಬಂದಿದ್ದ. ದಿನಾ ಪಾರ್ಕಿಗೆ ಹೋಗಿ ಹಿಡಿ ಮಣ್ಣು ಮೂಸಿ ಬರುತ್ತಿದ್ದ. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಅಣ್ಣ ಕುರಿ ಹೊಡಕೊಂಡು ಈ ಕಡೆಯೇ ಬರುತ್ತಿದ್ದಾನೆ, ಒಂದು ರಾತ್ರಿ ಪಾರ್ಕಿನಲ್ಲಿ ತರುಬಿಸಲೇ ಎಂದು ಕೇಳಿದ. ನಮ್ಮ ಕಡೆ ಹೊಲದವರು ತಾವೇ ಕರೆದು, ಕಾಳು ಕೊಟ್ಟು, ರಾತ್ರಿ ಹೀಗೆ ಹೊಲದಲ್ಲಿ ಕುರಿ ತರುಬಿಸಿ ಕೂಡಿಸಿಕೊಳ್ಳುತ್ತಾರೆ. ಕುರಿ ಹಿಕ್ಕೆಗೆ ಸಮನಾದ ಗೊಬ್ಬರ ಇಲ್ಲ. ನಾನು ಜಡೆ ಹಾಕಿಕೊಳ್ಳುತ್ತಲೇ ಹೂಂ ಅಂದೆ.

ಸಂಜೆ ಬಂದಾಗ ಪಾರ್ಕಿನ ತುಂಬ ಕುರಿ. ಸಸಿಗಳಿಗೆಲ್ಲ ಜಾಲಿಮುಳ್ಳು ಕಟ್ಟಿ, ಬೆಂಚಿನ ಮೇಲೆ ಕಂಬಳಿ ಹಾಸಿಕೊಂಡು ಅಪ್ಪ ಮದುವೆ ಮನೆಯ ಯಜಮಾನನ ಹಾಗೆ ಕೂತಿದ್ದ. ಪಾರ್ಕಿನ ಗೇಟಿನ ಹತ್ತಿರ ಲೇಔಟಿನವರೆಲ್ಲ ಸೇರಿದ್ದರು. ವಾಕಿಂಗಿಗೆ ಬಂದ ಹೆಂಗಸರು ಮೂಗಿಗೆ ಸೆರಗು ಹಿಡಿದಿದ್ದರು. ಪಕ್ಕದ ಮನೆಯ ನಿವೃತ್ತ ಮಾಸ್ತರು, ಈ ಲೇಔಟಿನಲ್ಲಿ ನನ್ನನ್ನು ಮೊದಲು ಚಹಾಕ್ಕೆ ಕರೆದವರು, ನನ್ನ ಕಡೆ ತಿರುಗಿದರು.

"ಟೀಚರ್, ನಿಮಗೇನಾರ ಗೊತ್ತೈತೇನ್ರಿ ಇದು?"

"ಇಲ್ರಿ, ನನಗೇನೂ ಗೊತ್ತಿಲ್ಲ."

ಅಷ್ಟು ಸಲೀಸಾಗಿ ಬಂತು ಸುಳ್ಳು. ಬೇಲಿಯ ಆಚೆ ಅಪ್ಪ ಮೊಣಕಾಲು ಹಿಡಿದುಕೊಂಡು ಎದ್ದ.

"ನಾನ ಹೇಳಿ ಕಳಿಸೀನ್ರಿ. ನನ್ನ ಮಗಳಿಗೆ ಗೊತ್ತಿಲ್ಲ. ಆಕಿನ್ನ ನಾ ಕೇಳೇ ಇಲ್ಲ."

ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ. ಕತ್ತಲಾಗುತ್ತಿದೆ, ಇದೊಂದು ರಾತ್ರಿ ಇರಲಿ ಎಂದು ಮಾಸ್ತರೇ ರಾಜಿ ಮಾಡಿಸಿದರು. ಬೆಳಗಾಗುತ್ತಲೇ ಅಣ್ಣ ಕುರಿ ಹೊಡಕೊಂಡು ಹೋದ.

ಅಪ್ಪ ಆಮೇಲೆ ಪಾರ್ಕಿನ ಕಡೆ ಹೆಜ್ಜೆ ಇಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಕರೆದರೆ ಊಟಕ್ಕೆ ಬರುತ್ತಿದ್ದ. ಸಿಟ್ಟು ಕೂಡ ಮಾಡಲಿಲ್ಲ. ನನಗೆ ಮಾತ್ರ ನಿಂತರೂ ಸಮಾಧಾನವಿಲ್ಲ, ಕೂತರೂ ಸಮಾಧಾನವಿಲ್ಲ. ಎರಡು ಮಳೆಯಾಗಿ ಸಸಿಗಳು ಚಿಗುರಿದವು. ಎಲ್ಲರೂ ನಿಂತು ನೋಡಿ ಹೊಗಳುವುದು ಕೇಳಿದರೆ ಇನ್ನಷ್ಟು ಚಡಪಡಿಕೆ. ಕಡೆಗೆ ಮಾಸ್ತರ ಮನೆಗೇ ಹೋಗಿ, ಅಪ್ಪ ನನ್ನನ್ನು ಕೇಳಿಯೇ ಕುರಿ ತರಿಸಿದ್ದ, ಹೂಂ ಅಂದವಳು ನಾನೇ ಎಂದು ಹೇಳಿದೆ. ಅಲ್ಲಿಂದ ಒಂದೇ ಉಸಿರಿಗೆ ಹಿತ್ತಲಿಗೆ ಬಂದು, ಅಣ್ಣನಿಗೆ ಫೋನ್ ಮಾಡುತ್ತೇನೆ, ಇನ್ನೊಂದು ರಾತ್ರಿ ಕುರಿ ತರುಬಲಿ, ಈ ಸಲ ಗೇಟಿನಲ್ಲಿ ನಿಂತು ನಾನೇ ಉತ್ತರ ಕೊಡುತ್ತೇನೆ ಎಂದೆ.

ಅಪ್ಪ ನನ್ನ ಮುಖ ನೋಡಿದ.

"ಬ್ಯಾಡವ್ವ. ಗೊಬ್ಬರ ಹೆಚ್ಚಾದ್ರ ಬೇರು ಸುಡ್ತಾವ," ಎಂದ. ಆಮೇಲೆ ಮೆಲ್ಲಗೆ, "ನೀ ಗೇಟಿನಾಗ ನಿಲ್ಲಾದು ಆವತ್ತು ಬೇಕಿತ್ತು," ಎಂದ.