ಬ್ಯಾಟರಿ ಕೆಳಗೇ ಇತ್ತು

ಟಿವಿಯೊಳಗೆ ಜನ ಗೊಳ್ಳೆಂದು ನಗುವ ಸಪ್ಪಳ ಕೇಳಿದರೆ ನನಗೆ ಮೊದಲು ಸಂಶಯ ಬರುತ್ತದೆ. ಯಾರು ಈ ನಗುವವರು? ಒಬ್ಬರ ಮುಖವೂ ಕಾಣುವುದಿಲ್ಲ. ಮುಖ ಕಾಣದ ನಗುವನ್ನು ನಂಬಬಾರದೆಂದು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ನನ್ನ ಮಗಳು ಈಚೆಗೆ ಒಂದು ಧಾರಾವಾಹಿ ನೋಡುತ್ತಿದ್ದಳು. ಸಿನಿಮಾದವರದೇ ಕಥೆ. ನಿರ್ದೇಶಕ ತನ್ನ ಮೈಮೇಲೆ ಕೈ ಹಾಕಿದನೆಂದು ನಟಿಯೊಬ್ಬಳು ದೂರು ಕೊಡುತ್ತಾಳೆ. ಮೊದಲೆರಡು ಕಂತು ನಾನು ಚಹಾ ಆರಿದ್ದನ್ನೂ ಮರೆತು ನೋಡಿದೆ. ಆಮೇಲೆ ಬರೆದವನಿಗೆ ಏನೋ ಹೆದರಿಕೆ ಹುಟ್ಟಿರಬೇಕು. ನಿರ್ದೇಶಕನ ಸುಳ್ಳುಗೂದಲು ಬೀಳುವುದು, ಅವನ ಹೆಂಡತಿ ಲಟ್ಟಣಿಗೆ ಹಿಡಿದು ಬರುವುದು, ಇದೇ ಆಯಿತು. ಕಡೆಯ ಕಂತಿನಲ್ಲಿ ಲೈಟು ಹಿಡಿಯುವವನೊಬ್ಬ ಸಾಕ್ಷಿಗೆ ಬಂದು, ಆ ಹೊತ್ತಿನಲ್ಲಿ ಮೇಡಂ ನಗುತ್ತಿದ್ದರು ಅಂದ. ಕಾಣದ ಜನ ಗೊಳ್ಳೆಂದರು. ನಟಿಯೂ ನಕ್ಕಳು. ಎಲ್ಲರೂ ಕುಣಿದರು.

ಮಗಳಿಗೆ ಸಿಟ್ಟು ಬಂತು. "ಏನ್ ಸುಡುಗಾಡು ಬರದಾನ. ಯಾರರೆ ಹಿಂಗ ಸಾಕ್ಷಿ ಹೇಳ್ತಾರೇನಪ್ಪ?"

ನಾನು ಶಹಾಪುರದ ಟಾಕೀಜಿನಲ್ಲಿ ಗೇಟ್‌ಕೀಪರ್ ಆಗಿದ್ದವನು. ಮೆಟ್ರಿಕ್ ಪಾಸಾದವನೆಂದು ಎದೆ ಉಬ್ಬಿಸಿಕೊಂಡು, ಮೂರು ಸೆಲ್ಲಿನ ಬ್ಯಾಟರಿ ಹಿಡಿದು, ಗೌಡರಿಗೂ ಸಾಹುಕಾರರಿಗೂ ಕತ್ತಲೆಯಲ್ಲಿ ಕುರ್ಚಿ ತೋರಿಸುತ್ತಿದ್ದೆ. ಹೆಂಗಸರಿಗೆ ಬೇರೆ ಬಾಗಿಲು, ಬೇರೆ ಸಾಲು. ಅಲ್ಲಿ ಬೆಳಕು ನೆಲಕ್ಕೆ ಮಾತ್ರ ಬಿಡಬೇಕು, ಮುಖಕ್ಕೆ ಬಿಡಬಾರದು. ಇದು ನಮ್ಮ ಕಸುಬಿನ ಕಟ್ಟಳೆ. ಆ ಬಾಗಿಲಿಗೆ ಮಲ್ಲಮ್ಮ ನಿಲ್ಲುತ್ತಿದ್ದಳು. ನಾವಿಬ್ಬರೂ ಒಂದೇ ಗಂಟಿನ ರೊಟ್ಟಿ ತಿಂದವರು.

ರೀಲಿನ ಡಬ್ಬಿಯ ಸಂಗಡ ಹಂಚಿಕೆದಾರರ ಕಡೆಯ ಮನುಷ್ಯನೊಬ್ಬ ಬರುತ್ತಿದ್ದ. ಅವನು ಕತ್ತಲೆಯಲ್ಲಿ ತನ್ನ ಕೈ ಹಿಡಿದು ಗೋಡೆಗೊತ್ತಿದನೆಂದು ಮಲ್ಲಮ್ಮ ಮಾಲಕರಿಗೆ ಹೇಳಿದಳು. ಆ ಹೊತ್ತಿಗೆ ಅಲ್ಲಿಗೆ ಹೋದವನು ನಾನೊಬ್ಬನೇ. ನನ್ನ ಬೆಳಕು ಕಂಡು ಅವನು ಸರಿದು ಹೋಗಿದ್ದ. ಇವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಬಳೆ ಅಲುಗುತ್ತಿದ್ದವು. ನಮ್ಮ ಕಡೆ ಹೆಣ್ಣುಮಕ್ಕಳು ನಗುವಾಗಲೂ ಸೆರಗು ಬಾಯಿಗಿಡುತ್ತಾರೆ, ಅಳುವಾಗಲೂ.

ಮಾಲಕರು ನನ್ನನ್ನು ಕರೆಸಿದರು. ಅದೇ ವಾರ ಸಿನಿಮಾ ಮಷೀನು ನಡೆಸುವ ಆಪರೇಟರನ ಜಾಗ ಖಾಲಿಯಿತ್ತು. ಆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ನಗಾಕತ್ತಿದ್ಳ್ರಿ," ಅಂದೆ.

ಮಲ್ಲಮ್ಮ ಮರುದಿನ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ನಾನು ಮೇಲಿನ ಕೋಣೆಯಲ್ಲಿ ಮಷೀನು ತಿರುಗಿಸುತ್ತಿದ್ದೆ. ಬಹಳ ವರ್ಷದ ಮೇಲೆ ಸುರಪುರದ ಸಂತೆಯಲ್ಲಿ ಎದುರಾದಳು. ವನದುರ್ಗದಲ್ಲಿ ತಮ್ಮನ ಮನೆಯಲ್ಲಿದ್ದಾಳಂತೆ. ಬಯ್ಯಲಿಲ್ಲ. ಮೆಣಸಿನಕಾಯಿ ಆರಿಸುತ್ತಲೇ, "ಅಣ್ಣಾ, ಬ್ಯಾಟರಿ ಒಂದೀಟು ಮ್ಯಾಲ ಎತ್ತಿದ್ರ ನನ್ನ ಮಾರಿ ಕಾಣ್ತಿತ್ತು," ಅಂದಳು. ಕಟ್ಟಳೆಯಲ್ಲವೇ, ಹೇಗೆ ಎತ್ತಲಿ ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ತಳ್ಳಿದೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಟಿವಿ ಆರಿಸಿ, ಕಚೇರಿಯಲ್ಲಿ ಅರ್ಜಿದಾರರನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಅಕಿ ಅಳಾಕತ್ತಿದ್ದು ನಿನಗ ತಿಳದಿದ್ದಿಲ್ಲೇನು?"

"ತಿಳದಿತ್ತವ್ವ. ಕಿವಿಗಿ ಕೇಳಿತ್ತು. ಅದಕ್ಕ ಬ್ಯಾಟರಿ ಬೇಕಾಗಿದ್ದಿಲ್ಲ."

ಮಗಳು ರಿಮೋಟು ಬದಿಗಿಟ್ಟು, "ಇದನ್ನ ನನಗ ಹೇಳಿದ್ರ ಏನು ಬಂತು?" ಎಂದು ಎದ್ದು ಒಳಗೆ ಹೋದಳು.

ಈಗ ಶಹಾಪುರದ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಆ ಧಾರಾವಾಹಿ ಬರೆದವನೂ ಎಲ್ಲೋ ನನ್ನಂತೆ ಗೇಟ್‌ಕೀಪರ್ ಆಗಿದ್ದನೇನೋ, ಅದಕ್ಕೇ ನಟಿಯನ್ನು ನಗಿಸಿ ಮುಗಿಸಿದ. ನನ್ನ ಮೇಲೂ ನನಗೆ ಸಂಶಯವೇ: ಮಲ್ಲಮ್ಮನ ಹತ್ತಿರ ಹೊರಟಿದ್ದು ತಪ್ಪು ಒಪ್ಪಲೋ, ಇಲ್ಲ "ಹೋಗ್ಲಿ ಬಿಡಣ್ಣ" ಅನ್ನಿಸಿಕೊಳ್ಳಲೋ? ಅವಳು ಅನ್ನದಿದ್ದರೂ ಸರಿ, ಬಾಗಿಲು ಮುಚ್ಚಿದರೂ ಸರಿ. ಹಗಲು ಹೊತ್ತಿನಲ್ಲಿ, ಮುಖ ನೋಡಿ ಹೇಳಬೇಕು. ವನದುರ್ಗದ ಬಸ್ಸು ಬಂತು.